ಪೂಜೆ ಮುಗಿಸಿ ಎತ್ತ ಹೋಗೋಣ?

ದಾಂಡೇಲಿಯ ಕಾಗದ ಕಾರ್ಖಾನೆಯ ನೌಕರಿ, ಬ್ಯಾಂಕಿನ ವರ್ಗಾವಣೆ, ಗಣೇಶಗುಡಿಯ ವಿದ್ಯುತ್ ನಿಗಮದ ಕಾಲೊನಿ, ಹಳಿಯಾಳದ ಎಂಜಿನಿಯರಿಂಗ್ ಕಾಲೇಜು, ಜೋಯಿಡಾದ ಸರ್ಕಾರಿ ಶಾಲೆ. ಹೀಗೆ ಒಂದಿಲ್ಲೊಂದು ಕಾರಣಕ್ಕೆ ಹೊರಗಿನಿಂದ ಬಂದು ಇಲ್ಲಿ ನೆಲೆಸಿದ ಕ್ರೈಸ್ತ ಕುಟುಂಬಗಳಿಗೆ ಬಂದ ಮೊದಲ ತಿಂಗಳಲ್ಲೇ ಒಂದು ವಿಷಯ ಗೊತ್ತಾಗಿಬಿಡುತ್ತದೆ. ಪೇಟೆಯಲ್ಲಿ ಮನೆ ಸಿಕ್ಕರೆ ಇಗರ್ಜಿ ಹತ್ತಿರ, ಪೇಟೆ ಬಿಟ್ಟು ನಾಲ್ಕು ತಿರುವು ಒಳಗೆ ಹೋದರೆ ರವಿವಾರದ ಪೂಜೆ ಎಂದರೆ ಅರ್ಧ ದಿನದ ಪ್ರಯಾಣ. ಜೋಯಿಡಾ ತಾಲ್ಲೂಕು ವಿಸ್ತಾರದಲ್ಲಿ ರಾಜ್ಯದ ದೊಡ್ಡ ತಾಲ್ಲೂಕುಗಳ ಸಾಲಿನಲ್ಲಿದೆ, ಜನಸಂಖ್ಯೆ ಮಾತ್ರ 50 ಸಾವಿರದ ಆಸುಪಾಸು. ಅಷ್ಟು ವಿರಳವಾಗಿ ಹರಡಿದ ಊರುಗಳಿಗೆ ಊರಿಗೊಂದು ಇಗರ್ಜಿ, ಇಗರ್ಜಿಗೊಬ್ಬ ಪಾದ್ರಿ ಎಂದರೆ ಆಗುವ ಮಾತಲ್ಲ.

ಹೇಗೂ ಹೊರಟಿದ್ದೀರಿ, ಮಕ್ಕಳೂ ಗಾಡಿಯಲ್ಲಿದ್ದಾರೆ. ಅದೇ ದಾರಿಯಲ್ಲಿ ಒಂದು ಜಾಗ ನೋಡಿ, ಊಟ ಮುಗಿಸಿ, ಬೆಳಕಿರುವಾಗಲೇ ಮನೆ ಸೇರುವುದು ಹೇಗೆ ಎನ್ನುವುದಕ್ಕೆ ಈ ಬರಹ. ಇಗರ್ಜಿಗೆ ಹೋಗದವರಿಗೂ ದಾರಿಗಳು ಅವೇ, ಮಳೆಯೂ ಅದೇ.

ಗಲ್ಫ್‌ನಲ್ಲಿ ದುಡಿದು ಬಂದವರಿಗೆ ಈ ಲೆಕ್ಕ ಹೊಸದಲ್ಲ. ಸೌದಿ ಅರೇಬಿಯಾದಲ್ಲಿ ಇಗರ್ಜಿ ಇಲ್ಲ. ಅಲ್ಲಿನ ದಮ್ಮಾಮ್, ಖೋಬರ್ ಕಡೆಯ ಕುಟುಂಬಗಳು ಪೂಜೆಗೆ ಹೋಗಬೇಕೆಂದರೆ ಸಮುದ್ರದ ಮೇಲಿನ 25 ಕಿಲೋಮೀಟರ್ ಉದ್ದದ ಕಿಂಗ್ ಫಹದ್ ಸೇತುವೆ ದಾಟಿ ಬಹರೇನ್‌ಗೆ ಹೋಗಬೇಕು. 1986ರಲ್ಲಿ ಸಂಚಾರಕ್ಕೆ ತೆರೆದ ಸೇತುವೆ ಅದು. ಮನಾಮದಲ್ಲಿ ಹಳೆಯ ಸೇಕ್ರೆಡ್ ಹಾರ್ಟ್ ಇಗರ್ಜಿ ಇದೆ, 2021ರ ಡಿಸೆಂಬರ್‌ನಲ್ಲಿ ಅವಾಲಿಯಲ್ಲಿ ದೊಡ್ಡ ಕೆಥೆಡ್ರಲ್ ಕೂಡ ಪ್ರತಿಷ್ಠಾಪನೆಯಾಯಿತು. ಹೀಗೆ ಗಡಿ ದಾಟುವವರು ದಿನದ ಲೆಕ್ಕವನ್ನು ಹೊರಡುವ ಹೊತ್ತಿನಿಂದ ಹಾಕುವುದಿಲ್ಲ, ವಾಪಸಾಗುವಾಗ ಸೇತುವೆಯ ತಪಾಸಣೆ ಸಾಲಿಗೆ ಎಷ್ಟು ಗಂಟೆಗೆ ಸೇರಬೇಕು ಎಂಬಲ್ಲಿಂದ ಹಿಂದಕ್ಕೆ ಎಣಿಸುತ್ತಾರೆ. ನಮ್ಮಲ್ಲಿ ಆ ಸೇತುವೆಯ ಜಾಗದಲ್ಲಿ ಕಾಡಿನ ರಸ್ತೆಯಿದೆ. ಸಂಜೆ 6ಕ್ಕೆ ಎಲ್ಲಿರಬೇಕು ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಪೂಜೆ, ಊಟ, ತಿರುಗಾಟ ಎಲ್ಲ ಅದಕ್ಕೆ ತಕ್ಕಂತೆ ಹೊಂದಿಕೊಳ್ಳಲಿ. ಇನ್ನೊಂದು ಮಾತು: ಒಂದು ರವಿವಾರಕ್ಕೆ ಒಂದೇ ದಿಕ್ಕು. ಬೆಳಿಗ್ಗೆ ಸುಪಾ, ಮಧ್ಯಾಹ್ನ ಸಿಂಥೇರಿ, ಸಂಜೆ ಮುಂಡಗೋಡ ಎಂದು ಪಟ್ಟಿ ಹಿಡಿದು ಹೊರಟವರು ನೋಡುವುದು ಡಾಂಬರನ್ನು ಮಾತ್ರ.

ಹೊರಡುವ ಮುಂಚೆ ಪೂಜೆಯ ಸಮಯ ಕೇಳಿಕೊಳ್ಳಿ. ಮೊಬೈಲ್ ನಕ್ಷೆ ತೋರಿಸುವ ಸಮಯವನ್ನು ನಂಬಬೇಡಿ. ಇಡೀ ಉತ್ತರ ಕನ್ನಡ ಜಿಲ್ಲೆ ಕಾರವಾರ ಧರ್ಮಪ್ರಾಂತ್ಯಕ್ಕೆ ಸೇರುತ್ತದೆ, 1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟ ಪ್ರಾಂತ್ಯ ಇದು. ಒಬ್ಬರೇ ಫಾದರ್ ಮುಖ್ಯ ಇಗರ್ಜಿಯ ಜೊತೆಗೆ ಸುತ್ತಲಿನ ಹಳ್ಳಿಗಳ ಪ್ರಾರ್ಥನಾಲಯಗಳನ್ನೂ ನೋಡಿಕೊಳ್ಳಬೇಕಾದ ಕಡೆ ಪೂಜೆಯ ಸರದಿ ವಾರದಿಂದ ವಾರಕ್ಕೆ ಬದಲಾಗಬಹುದು. ತಪಸ್ಸುಕಾಲದಲ್ಲಿ, ಹಬ್ಬದ ವಾರದಲ್ಲಿ, ಜೋರು ಮಳೆಯಲ್ಲಿ ಸಮಯ ಅತ್ತಿತ್ತ ಆಗುವುದೂ ಉಂಟು. ಇಗರ್ಜಿಯ ಒಬ್ಬ ಹಿರಿಯರ ಫೋನ್ ನಂಬರ್ ಇಟ್ಟುಕೊಂಡರೆ ಮುಗಿಯಿತು. ಯಾವ ಭಾಷೆಯ ಪೂಜೆ ಎಂದೂ ಕೇಳಿ. ಈ ಭಾಗದಲ್ಲಿ ಕೊಂಕಣಿ ಮತ್ತು ಕನ್ನಡ ಎರಡೂ ನಡೆಯುತ್ತವೆ, ಕೇರಳದಿಂದಲೋ ತಮಿಳುನಾಡಿನಿಂದಲೋ ಬಂದವರಿಗೆ ಮೊದಮೊದಲು ಎರಡೂ ಕಷ್ಟ. ಮಕ್ಕಳಿಗೆ ಮಾತ್ರ ಮೂರು ತಿಂಗಳಲ್ಲಿ ಎರಡೂ ಬಾಯಿಗೆ ಬಂದಿರುತ್ತದೆ.

ದೂರದಿಂದ ಬರುವವರಿಗೆ ಅನುಕೂಲವಾಗುವ ಎರಡು ನಿಯಮಗಳು ಕೆಥೋಲಿಕ್ ಸಭೆಯಲ್ಲೇ ಇವೆ, ಬಹಳ ಜನ ಮರೆತಿರುತ್ತಾರೆ. ಶನಿವಾರ ಸಂಜೆಯ ಪೂಜೆಯಲ್ಲಿ ಪಾಲ್ಗೊಂಡರೆ ರವಿವಾರದ ಕಟ್ಟಳೆ ಪೂರೈಸಿದಂತೆಯೇ. ಮರುದಿನ ಬೆಳಿಗ್ಗೆ ಹಕ್ಕಿ ನೋಡಲು ಹೋಗುವ ಆಸೆಯಿದ್ದರೆ ಇದು ದೊಡ್ಡ ಸೌಕರ್ಯ. ಎರಡನೆಯದು, ಪರಮಪ್ರಸಾದ ಸ್ವೀಕರಿಸುವ ಮೊದಲಿನ ಉಪವಾಸ ಈಗ ಒಂದು ತಾಸು ಅಷ್ಟೆ, ನೀರಿಗೂ ಔಷಧಿಗೂ ಅಡ್ಡಿಯಿಲ್ಲ. ಹಳೆಯ ಕಾಲದ ಹಾಗೆ ಮಧ್ಯರಾತ್ರಿಯಿಂದ ಹಸಿದಿರಬೇಕು ಎಂದು ಮಕ್ಕಳನ್ನು ಬರಿಹೊಟ್ಟೆಯಲ್ಲಿ ತಿರುವಿನ ರಸ್ತೆಗೆ ಹತ್ತಿಸಿದರೆ ಇಗರ್ಜಿ ತಲುಪುವ ಮೊದಲೇ ವಾಂತಿ. ಎರಡು ಇಡ್ಲಿ ತಿನ್ನಿಸಿ ಹೊರಡಿ. ಅಡಿಗೆ ಎಣ್ಣೆ ಜಾಸ್ತಿಯಾದ ನಾಷ್ಟಾ ಬೇಡ. ಇನ್ನು ಮಳೆ ಸುರಿದು ಹಳ್ಳ ತುಂಬಿದಾಗ, ಮನೆಯಲ್ಲಿ ಕಾಯಿಲೆಯವರಿದ್ದಾಗ ಪೂಜೆಗೆ ಹೋಗಲಾಗದಿದ್ದರೆ ಅದು ತಪ್ಪಲ್ಲ ಎಂದು ಸಭೆಯೇ ಹೇಳುತ್ತದೆ. ತುಂಬಿದ ಹಳ್ಳಕ್ಕೆ ಗಾಡಿ ಇಳಿಸುವ ಭಕ್ತಿ ಯಾರಿಗೂ ಬೇಡ.

ಇಲ್ಲಿಂದ ಹೊರಡುವ ದಾರಿಗಳಲ್ಲಿ ದಾಂಡೇಲಿಯಿಂದ ಹಳಿಯಾಳದ ಕಡೆಗಿನದು ಸುಲಭದ್ದು. 25 ಕಿಲೋಮೀಟರ್ ಆಸುಪಾಸು, ಘಟ್ಟವಿಲ್ಲ. ಅಲ್ಲಿಂದ ಧಾರವಾಡ ಮತ್ತೆ 35 ಕಿಲೋಮೀಟರ್‌ನಷ್ಟು. ಪ್ರೊಟೆಸ್ಟಂಟ್ ಕುಟುಂಬಗಳು ಧಾರವಾಡ, ಹುಬ್ಬಳ್ಳಿವರೆಗೆ ಹೋಗುವುದಕ್ಕೆ ಕಾರಣವೂ ಇದೆ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಕೇಂದ್ರ ತೆರೆದಿತ್ತು, ಇಂದಿನ ಸಿಎಸ್‌ಐ ಉತ್ತರ ಕರ್ನಾಟಕ ಸಭಾಪ್ರಾಂತ್ಯದ ಬೇರು ಅಲ್ಲಿದೆ. ಆ ದಿನ ವಾರದ ಸಾಮಾನು, ಮಕ್ಕಳ ಬಟ್ಟೆ, ದವಾಖಾನೆ, ಫೇಡೆ ಎಲ್ಲ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ತಿರುಗಾಟದ ದೃಷ್ಟಿಯಿಂದ ಈ ದಾರಿ ಸಪ್ಪೆ ಅನ್ನಿಸಬಹುದು. ಆದರೆ ಹಳಿಯಾಳವನ್ನು ಬರೀ ದಾಟಿ ಹೋಗುವ ಊರೆಂದು ನೋಡಬೇಡಿ.

ಹಳಿಯಾಳ ತಾಲ್ಲೂಕಿನ ಹಳ್ಳಿಗಳಲ್ಲಿ ಸಿದ್ದಿ ಸಮುದಾಯದ ಕ್ರೈಸ್ತರು ಹೆಚ್ಚು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಪೀಳಿಗೆ ಇವರಲ್ಲಿ ಬಹುಪಾಲು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದ ಸಿದ್ದಿಗಳು ಜಿಲ್ಲೆಯಲ್ಲಿದ್ದಾರೆ. ಮನೆಮಾತು ಕೊಂಕಣಿ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಈ ಸಮುದಾಯದಿಂದ ಶಾಸನಸಭೆ ಪ್ರವೇಶಿಸಿದ ಮೊದಲಿಗರಾದರು. ನೀವು ಕಾರಿನಲ್ಲಿ ಒಂದು ತಾಸು ಬಂದೆವೆಂದು ಬೆನ್ನು ತಟ್ಟಿಕೊಳ್ಳುವಾಗ ಪಕ್ಕದ ಬೆಂಚಿನವರು ಕಾಡುಹಾದಿಯಲ್ಲಿ ನಡೆದು ಬಂದಿರಬಹುದು, ನೆನಪಿರಲಿ. ಹಳ್ಳಿಯ ಇಗರ್ಜಿಯ ಹಬ್ಬಕ್ಕೆ ಕರೆ ಬಂದರೆ ಖಂಡಿತ ಹೋಗಿ, ಡಮಾಮಿಯ ಬಡಿತಕ್ಕೆ ಕುಣಿಯುವವರ ನಡುವೆ ಕುಳಿತುಕೊಳ್ಳಿ. ಕೇಳದೆ ಫೋಟೊ ತೆಗೆಯಬೇಡಿ. ‘ನೀವು ಯಾವ ದೇಶದವರು’ ಎಂಬ ಪ್ರಶ್ನೆಯನ್ನಂತೂ ಮನೆಯಲ್ಲೇ ಬಿಟ್ಟು ಬನ್ನಿ. ಅವರು ಹಳಿಯಾಳದವರು, ಹೊರಗಿನಿಂದ ಬಂದವರು ನೀವು.

ಕಾಡು ನೋಡಬೇಕೆಂಬವರು ತೆಗೆದುಕೊಳ್ಳುವ ದಾರಿ ದಾಂಡೇಲಿ, ಗಣೇಶಗುಡಿ, ಜೋಯಿಡಾ. ಇದೆಲ್ಲ ಕಾಳಿ ನದಿಯ ಸೀಮೆ. ಜೋಯಿಡಾ ತಾಲ್ಲೂಕಿನ ಡಿಗ್ಗಿ ಬಳಿ ಹುಟ್ಟಿ 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಕಡಲು ಸೇರುವ ನದಿ, ಇಡೀ ಹರಿವು ಒಂದೇ ಜಿಲ್ಲೆಯೊಳಗೆ. ಗಣೇಶಗುಡಿಯ ಸುಪಾ ಅಣೆಕಟ್ಟಿನ ಎತ್ತರ 101 ಮೀಟರ್. ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿ ಇದ್ದ ಸುಪಾ ಎಂಬ ಪೇಟೆ ಈ ಜಲಾಶಯದ ಕೆಳಗಿದೆ. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು, ಮುಳುಗಡೆಯಾದ ಕುಟುಂಬಗಳಲ್ಲಿ ಬಹಳಷ್ಟು ರಾಮನಗರಕ್ಕೆ ಹೋದವು. ಮಕ್ಕಳಿಗೆ ಈ ಕತೆ ಹೇಳಿ, ಬರೀ ‘ಸಖತ್ ವ್ಯೂ’ ಎಂದು ಸೆಲ್ಫಿ ತೆಗೆದು ಬರಬೇಡಿ. ಅಣೆಕಟ್ಟಿನ ಮೇಲೆ ಹೋಗಲು ಅನುಮತಿ ಬೇಕು, ರವಿವಾರ ಅದನ್ನು ಗೇಟಿನಲ್ಲಿ ನಿಂತು ಕೇಳಿದರೆ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ.

ಗಣೇಶಗುಡಿಯ ರಾಫ್ಟಿಂಗ್ ಬಗ್ಗೆ ಒಂದು ವಿಷಯ ತಿಳಿದಿರಲಿ. ಅಣೆಕಟ್ಟಿನ ಕೆಳಗೆ ನೀರಿನ ರಭಸ ಮಳೆಯನ್ನಷ್ಟೇ ಅವಲಂಬಿಸಿಲ್ಲ, ವಿದ್ಯುತ್ ಉತ್ಪಾದನೆಗೆ ಎಷ್ಟು ನೀರು ಬಿಟ್ಟಿದ್ದಾರೆ ಎಂಬುದರ ಮೇಲಿದೆ. ಬೆಳಿಗ್ಗೆ ಮೊಣಕಾಲು ಮಟ್ಟ ಇದ್ದ ಜಾಗದಲ್ಲಿ ಮಧ್ಯಾಹ್ನ ಎದೆ ಮಟ್ಟ ಬರಬಹುದು. ದಡದಲ್ಲಿ ಆಡಲು ಮಕ್ಕಳನ್ನು ಬಿಟ್ಟು ದೊಡ್ಡವರು ಹರಟೆಗೆ ಕೂರುವುದು ಅಪಾಯ. ರಾಫ್ಟ್ ಏರುವುದಾದರೆ ಲೈಫ್ ಜಾಕೆಟ್, ಹೆಲ್ಮೆಟ್, ಎಷ್ಟು ಜನರನ್ನು ಹತ್ತಿಸುತ್ತಾರೆ, ಜೊತೆಗೆ ಬರುವ ಗೈಡ್ ಯಾರು, ಇಷ್ಟನ್ನು ನೋಡಿಯೇ ದುಡ್ಡು ಕೊಡಿ. ಜನ ಜಾಸ್ತಿ ತುಂಬುತ್ತಿದ್ದರೆ ಮುಲಾಜಿಲ್ಲದೆ ಇಳಿಯಿರಿ. ಕೆಳಗೆ ದಾಂಡೇಲಿ ಪೇಟೆಯ ಪಕ್ಕ ಅದೇ ಕಾಳಿ ಶಾಂತವಾಗಿ ಕಾಣುತ್ತದೆ, ಅಲ್ಲಿ ಮೊಸಳೆಗಳಿವೆ. ಸುಮ್ಮನೆ ಹೆದರಿಸಲು ಹೇಳುವ ಮಾತಲ್ಲ, ಜೀವ ಹೋದದ್ದುಂಟು. ಬಟ್ಟೆ ತೊಳೆಯಲು, ಕೈಕಾಲು ತೊಳೆಯಲು, ಗಾಳ ಹಾಕಲು ಎಂದೆಲ್ಲ ನೀರಿನಂಚಿಗೆ ಇಳಿಯಬೇಡಿ.

ದಾಂಡೇಲಿಯ ಹಕ್ಕಿಗಳಿಗೆ ದೂರ ಹೋಗಬೇಕಾಗಿಲ್ಲ. ನಾಲ್ಕು ಬಗೆಯ ಮಂಗಟ್ಟೆ ಹಕ್ಕಿಗಳು ಇಲ್ಲಿವೆ: ದೊಡ್ಡ ಮಂಗಟ್ಟೆ, ಕಪ್ಪು ಬಿಳುಪಿನ ಮಲಬಾರ್ ಮಂಗಟ್ಟೆ, ಮಲಬಾರ್ ಬೂದು, ಸಾಮಾನ್ಯ ಬೂದು. ಅರಣ್ಯ ಇಲಾಖೆಯ ನಾಟಾ ಡಿಪೊ ಸುತ್ತ ಬೆಳಗಿನ ಹೊತ್ತು ಅತ್ತಿ, ಆಲದ ಮರದ ಮೇಲೆ ಕಣ್ಣಿಟ್ಟರೆ ಸಾಕು. ಶನಿವಾರ ಸಂಜೆ ಪೂಜೆಗೆ ಹೋದವರು ರವಿವಾರ ಬೆಳಿಗ್ಗೆ ಇದಕ್ಕೆ ಇಟ್ಟುಕೊಳ್ಳಿ. ಫೆಬ್ರವರಿಯಿಂದ ಮೇ ತನಕ ಹೆಣ್ಣು ಹಕ್ಕಿ ಮರದ ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗೆ ಮೊಟ್ಟೆಗೆ ಕೂರುವ ಕಾಲ, ಗಂಡು ಹಣ್ಣು ತಂದು ಉಣಿಸುತ್ತದೆ. ಗೂಡಿನ ಮರದ ಬುಡದಲ್ಲಿ ಗದ್ದಲವಾದರೆ ಅದು ಹತ್ತಿರ ಬರುವುದಿಲ್ಲ, ಒಳಗಿನ ತಾಯಿ ಮರಿ ಹಸಿದಿರುತ್ತವೆ. ದೂರದಿಂದ ದುರ್ಬೀನಿನಲ್ಲಿ ನೋಡಿ.

ಸಿಂಥೇರಿ ಬಂಡೆ ಗುಂದ ಹತ್ತಿರ, ಕಾನೇರಿ ನದಿ ಕೊರೆದ ಕಣಿವೆಯಲ್ಲಿ ನಿಂತ ಸುಮಾರು 300 ಅಡಿಯ ಏಕಶಿಲೆ. ಮೆಟ್ಟಿಲು ಇಳಿದು ಹೋಗಬೇಕು, ಅಷ್ಟೇ ಹತ್ತಿ ಬರಬೇಕು, ಮೊಣಕಾಲು ನೋವಿನ ಅಜ್ಜಿಯನ್ನು ಕೆಳಗಿಳಿಸಿ ಆಮೇಲೆ ಪೇಚಾಡಬೇಡಿ. ಬಂಡೆಯಲ್ಲಿ ಹೆಜ್ಜೇನು ಗೂಡುಗಳಿರುತ್ತವೆ, ಗಾಢ ಸೆಂಟು, ಕಿರುಚಾಟ, ಸಿಗರೇಟು ಹೊಗೆ ಮೂರೂ ಬೇಡ. ನೀರಿಗಿಳಿಯುವುದಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಹೊರಡುವ ಮೊದಲು ತೆರೆದಿದೆಯೇ ಎಂದು ಅರಣ್ಯ ಇಲಾಖೆಯವರನ್ನು ಕೇಳಿ. ಉಳವಿಯ ಚನ್ನಬಸವೇಶ್ವರ ಸನ್ನಿಧಿ ಇದೇ ತಾಲ್ಲೂಕಿನಲ್ಲಿದೆ. ಫೆಬ್ರವರಿಯ ಭರತ ಹುಣ್ಣಿಮೆ ಆಸುಪಾಸಿನ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಹೂಡಿಕೊಂಡು ಭಕ್ತರು ಇದೇ ರಸ್ತೆಯಲ್ಲಿ ಬರುತ್ತಾರೆ. ಆ ವಾರ ನಿಮ್ಮ ತಿರುಗಾಟ ಬೇರೆ ದಿಕ್ಕಿಗಿರಲಿ, ಇಲ್ಲವೇ ಎತ್ತಿನ ವೇಗಕ್ಕೆ ಒಗ್ಗಿಕೊಳ್ಳಿ. ಹಾರ್ನ್ ಬಾರಿಸಿದರೆ ಎತ್ತು ಬೆದರುತ್ತದೆ.

ಜೋಯಿಡಾದಿಂದ ಅಣಶಿ ಘಟ್ಟ ಇಳಿದು ಕದ್ರಾ ಮೂಲಕ ಕಾರವಾರಕ್ಕೆ ಹೋಗುವವರೂ ಇದ್ದಾರೆ. ಬಿಷಪರ ಪೀಠ ಅಲ್ಲಿದೆ, ಕಡಲತೀರ ಇದೆ, ಹೊಸ ಮೀನು ಇದೆ, ಚಪಲ್ ಯುದ್ಧನೌಕೆಯ ಸಂಗ್ರಹಾಲಯಕ್ಕೆ ಮಕ್ಕಳು ಎರಡನೇ ಸಲವೂ ಹೋಗೋಣ ಎನ್ನುತ್ತಾರೆ. ದಾಂಡೇಲಿಯಿಂದ ನೂರು ಕಿಲೋಮೀಟರ್ ಮೀರಿದ ದಾರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ದಾರಿ ಬೇಡ ಎನ್ನುವುದು ನನ್ನ ಸಲಹೆ. ಅಣಶಿಯಲ್ಲಿ ಗುಡ್ಡ ಜರಿಯುವುದು, ಮರ ಬೀಳುವುದು ಸಾಮಾನ್ಯ, ಫೋನ್ ಸಿಗ್ನಲ್ ಇರುವುದಿಲ್ಲ, ಹಿಂದೆ ತಿರುಗಿಸಲೂ ಜಾಗವಿರುವುದಿಲ್ಲ. ಈ ಕಾಡೆಲ್ಲ ಹುಲಿ ಸಂರಕ್ಷಿತ ಪ್ರದೇಶ. 2007ರಲ್ಲಿ ದಾಂಡೇಲಿ–ಅಣಶಿ ಎಂದು ಘೋಷಣೆಯಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆಯಿತು. ರಸ್ತೆ ಬದಿಯಲ್ಲಿ ಚಾಪೆ ಹಾಸಿ ಡಬ್ಬಿ ಬಿಚ್ಚುವ ಜಾಗ ಇದಲ್ಲ. ಊಟವನ್ನು ದಾಂಡೇಲಿಯ ಖಾನಾವಳಿಯಲ್ಲೋ ಜೋಯಿಡಾ ಪೇಟೆಯಲ್ಲೋ ಮುಗಿಸಿ. ಮಂಗಗಳಿಗೆ ಬಾಳೆಹಣ್ಣು ಕೊಡುವುದು ದಯೆಯಲ್ಲ, ಅವು ಗಾಡಿಗಳಡಿ ಬಂದು ಸಾಯುವುದು ಅದರಿಂದಲೇ.

ಮುಂಡಗೋಡ ಬೇರೆಯೇ ಲೋಕ. ದಾಂಡೇಲಿಯಿಂದ 80 ಕಿಲೋಮೀಟರ್ ಆಸುಪಾಸು. ಹಳಿಯಾಳ, ಕಲಘಟಗಿ ಕಡೆಯಿಂದಲೂ ಬರಬಹುದು, ಯಲ್ಲಾಪುರದ ಮೇಲೂ ಬರಬಹುದು. ಹುಬ್ಬಳ್ಳಿಯಿಂದಾದರೆ 50 ಕಿಲೋಮೀಟರ್ ಒಳಗೆ. ಇಲ್ಲಿ ಯೇಸುಸಭೆಯ ಲೊಯೋಲಾ ಸಂಸ್ಥೆಗಳು ಶಿಕ್ಷಣದ ಜೊತೆಗೆ ಸಿದ್ದಿ, ದಲಿತ, ಲಂಬಾಣಿ ಕುಟುಂಬಗಳ ನಡುವೆ ದಶಕಗಳಿಂದ ಕೆಲಸ ಮಾಡುತ್ತಿವೆ. ಪೂಜೆ ಮುಗಿಸಿ ಹೊರಬಿದ್ದವರಿಗೆ ಕೆಲವೇ ಕಿಲೋಮೀಟರ್‌ನಲ್ಲಿ ಟಿಬೆಟಿಯನ್ ಕಾಲೊನಿ. ನೆಲ ಕಳೆದುಕೊಂಡು ಬಂದವರಿಗೆ ಅಂದಿನ ಮೈಸೂರು ರಾಜ್ಯ ಕೊಟ್ಟ ಜಾಗದಲ್ಲಿ 1966ರಲ್ಲಿ ಡೋಗುಲಿಂಗ್ ಎಂಬ ಹೆಸರಿನಿಂದ ಶುರುವಾದ ವಸತಿ ಇದು. ಟಿಬೆಟ್‌ನಲ್ಲಿ 1409ರಲ್ಲಿ ಕಟ್ಟಿದ ಗಾಂದೆನ್, 1416ರಲ್ಲಿ ಕಟ್ಟಿದ ಡ್ರೆಪುಂಗ್ ಮಹಾವಿಹಾರಗಳು ಈಗ ಇಲ್ಲಿ ಮರುಜನ್ಮ ಪಡೆದಿವೆ. ಒಂದನೇ ಲಾಮಾ ಕ್ಯಾಂಪಿನಲ್ಲಿ ಗಾಂದೆನ್, ಎರಡನೆಯದರಲ್ಲಿ ಡ್ರೆಪುಂಗ್. ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡು ತಮ್ಮ ಪ್ರಾರ್ಥನೆಯನ್ನು ಉಳಿಸಿಕೊಳ್ಳುವುದು ಹೇಗೆಂದು ನೋಡಲು ನಿಮ್ಮಂಥ ಹೊರಗಿನಿಂದ ಬಂದ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲಿಲ್ಲ.

ಒಳಗೆ ಹೋಗುವಾಗ ಚಪ್ಪಲಿ, ಟೋಪಿ ತೆಗೆಯಿರಿ. ಪ್ರದಕ್ಷಿಣೆ ಎಡದಿಂದ ಬಲಕ್ಕೆ, ಪ್ರಾರ್ಥನಾ ಚಕ್ರ ತಿರುಗಿಸುವುದೂ ಹಾಗೆಯೇ. ಭಿಕ್ಷುಗಳು ಅಂಗಳದಲ್ಲಿ ಚಪ್ಪಾಳೆ ತಟ್ಟಿ, ಕಾಲು ಅಪ್ಪಳಿಸಿ ವಾದ ಮಾಡುವುದು ಮಕ್ಕಳಿಗೆ ಜಗಳದಂತೆ ಕಾಣುತ್ತದೆ. ಅದು ಅವರ ಪಾಠ, ತರ್ಕಶಾಸ್ತ್ರದ ಅಭ್ಯಾಸ, ದೂರ ಕುಳಿತು ನೋಡಬಹುದು. ಮಧ್ಯಾಹ್ನಕ್ಕೆ ಮೊಮೊ, ಥುಕ್ಪಾ. ಬಹಳ ಜನರಿಗೆ ಗೊತ್ತಿಲ್ಲದ ನಿಯಮ ಒಂದಿದೆ: ಮನೆಗೆ ಬಂದ ಅತಿಥಿಗಳಲ್ಲಿ ವಿದೇಶಿ ಪಾಸ್‌ಪೋರ್ಟ್‌ನವರಿದ್ದರೆ ಈ ವಸತಿಯಲ್ಲಿ ಉಳಿಯಲು ಕೇಂದ್ರ ಗೃಹ ಇಲಾಖೆಯ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು. ಅದು ಕೈಸೇರಲು ಸಮಯ ಹಿಡಿಯುತ್ತದೆ, ಬರುವ ಮೊದಲೇ ಅರ್ಜಿ ಹಾಕಿಸಿ. ಭಾರತೀಯರಿಗೆ ಅದು ಬೇಡ.

ನವೆಂಬರ್‌ನಿಂದ ಮಾರ್ಚ್ ನಡುವೆ ಬಂದರೆ ಅತ್ತಿವೇರಿ ಪಕ್ಷಿಧಾಮವನ್ನೂ ಸೇರಿಸಿಕೊಳ್ಳಿ. ಅತ್ತಿವೇರಿ ಜಲಾಶಯದ ಸುತ್ತ ಎರಡು ಚದರ ಕಿಲೋಮೀಟರ್ ಚಿಲ್ಲರೆ ಜಾಗ, ಮುಂಡಗೋಡದಿಂದ 15 ಕಿಲೋಮೀಟರ್ ಆಸುಪಾಸು. ಬೆಳ್ಳಕ್ಕಿ, ನೀರುಕಾಗೆ, ಚಮಚಕೊಕ್ಕು ನೋಡಲು ಸಂಜೆ 4ರ ಬೆಳಕು ಚೆನ್ನ. ಆದರೆ ದಾಂಡೇಲಿಗೆ ವಾಪಸಾಗುವವರು ಆ ಹೊತ್ತಿಗೆ ಹೊರಟಿರಬೇಕು. ಹಾಗಾಗಿ ಪಕ್ಷಿಧಾಮವೋ ಕಾಲೊನಿಯೋ ಒಂದನ್ನು ಆರಿಸಿಕೊಳ್ಳಿ, ಎರಡೂ ಬೇಕೆಂದರೆ ಮುಂಡಗೋಡದಲ್ಲೋ ಹುಬ್ಬಳ್ಳಿಯಲ್ಲೋ ತಂಗಬೇಕು. ಭತ್ತ ಕೊಯ್ಲಿನ ಹೊತ್ತಿಗೆ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಗೆ ದಾಂಡೇಲಿ ಕಾಡಿನ ಆನೆಗಳು ಬರುತ್ತವೆ. ಕತ್ತಲಾದ ಮೇಲೆ ಆನೆ ರಸ್ತೆಯಲ್ಲಿ ಕಂಡರೆ ಹೈಬೀಮ್ ಹಾಕದೆ, ಹಾರ್ನ್ ಮಾಡದೆ, ದೂರದಲ್ಲೇ ಗಾಡಿ ನಿಲ್ಲಿಸಿ ಹಿಂದೆ ಸರಿಯಿರಿ.

ಇನ್ನೊಂದು ದಾರಿ ವರ್ಷಕ್ಕೊಂದು ಸಲದ್ದು. ರಾಮನಗರ, ಅನಮೋಡ ಘಟ್ಟದ ಮೂಲಕ ಹಳೇ ಗೋವಾ, ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬಕ್ಕೆ. ಸಂತರ ಪಾರ್ಥಿವ ಶರೀರದ ಹತ್ತು ವರ್ಷಕ್ಕೊಮ್ಮೆಯ ದರ್ಶನ 2024–25ರಲ್ಲಿ ಮುಗಿದಿದೆ. ಈ ದಾರಿಯಲ್ಲಿ ಕ್ಯಾಸಲ್ ರಾಕ್ ಬೋರ್ಡು ಕಂಡಾಗ ದೂಧಸಾಗರಕ್ಕೆ ಹಳಿಗುಂಟ ನಡೆದು ಹೋಗೋಣ ಎಂದು ಹುಡುಗರು ಹಟ ಹಿಡಿಯಬಹುದು. ರೈಲ್ವೆ ಅದನ್ನು ನಿಷೇಧಿಸಿದೆ, ಸಿಕ್ಕಿಬಿದ್ದರೆ ದಂಡ.

ಗಾಡಿ ವಿಷಯಕ್ಕೆ ಬಂದರೆ, ಪೆಟ್ರೋಲನ್ನು ದಾಂಡೇಲಿ, ಹಳಿಯಾಳ ಅಥವಾ ಮುಂಡಗೋಡ ಪೇಟೆಯಲ್ಲೇ ತುಂಬಿಸಿಕೊಳ್ಳಿ, ಜೋಯಿಡಾದ ಒಳಗೆ ಸಿಗುತ್ತದೆಂದು ನೆಚ್ಚಬೇಡಿ. ಸ್ಟೆಪ್ನಿಗೆ ಗಾಳಿ ಇದೆಯೇ ನೋಡಿ. ಸಿಗ್ನಲ್ ಇಲ್ಲದ ಕಡೆ ಫೋನಿನಿಂದ ದುಡ್ಡು ಕೊಡಲಾಗದು, ಕಿಸೆಯಲ್ಲಿ ನೋಟಿರಲಿ. ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಎಲ್ಲಿಗೆ ಹೋಗುತ್ತೀರಿ, ಯಾವ ದಾರಿಯಲ್ಲಿ ಬರುತ್ತೀರಿ ಎಂದು ಪಕ್ಕದ ಮನೆಯವರಿಗೆ ಹೇಳಿ ಹೊರಡಿ. ತುರ್ತಿಗೆ 112, ಆಂಬುಲೆನ್ಸ್‌ಗೆ 108. ಕಾರಿಲ್ಲದವರಿಗೆ ವಾಯವ್ಯ ಸಾರಿಗೆ ಬಸ್ಸುಗಳಿವೆ, 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಉಚಿತ. ಒಳಹಳ್ಳಿಗಳ ಬಸ್ಸು ತಪ್ಪಿದರೆ ಮುಂದಿನದು ಸಂಜೆಗೇ ಇರಬಹುದು. ಕೊನೆಯ ಬಸ್ಸಿನ ಸಮಯವನ್ನು ಬೆಳಿಗ್ಗೆ ಇಳಿಯುವಾಗಲೇ ಕಂಡಕ್ಟರ್ ಬಳಿ ಕೇಳಿಟ್ಟುಕೊಳ್ಳಿ.

ಹೊಸದಾಗಿ ಬಂದವರಿಗೆ ಕೊನೆಯದಾಗಿ ಒಂದು ಕೋರಿಕೆ. ಪ್ರತಿ ವಾರ ಬೇರೆ ಬೇರೆ ಇಗರ್ಜಿಗೆ ಹೋದರೂ ಅಡ್ಡಿಯಿಲ್ಲ, ಆದರೆ ನೀವಿರುವ ಜಾಗ ಯಾವ ಇಗರ್ಜಿಯ ವ್ಯಾಪ್ತಿಗೆ ಬರುತ್ತದೋ ಅಲ್ಲಿ ಕುಟುಂಬದ ಹೆಸರು ಬರೆಸಿಬಿಡಿ. ಮಗುವಿನ ದೀಕ್ಷಾಸ್ನಾನ, ಮೊದಲ ಪರಮಪ್ರಸಾದ, ಮದುವೆಯ ಪತ್ರ, ಕಾಯಿಲೆ ಬಿದ್ದಾಗ ಮನೆಗೆ ಫಾದರ್ ಬರುವುದು, ಎಲ್ಲಕ್ಕೂ ಆ ದಾಖಲೆ ಬೇಕಾಗುತ್ತದೆ. ಹೋಗುವಾಗ ಹಿಂದಿನ ಊರಿನ ಇಗರ್ಜಿಯ ಪತ್ರವನ್ನೂ ಜೊತೆಗೆ ತೆಗೆದುಕೊಂಡು ಹೋಗಿ.